ದುರ್ದಿನವೆಂಬ ಸುದಿನ

ನನಗೆ ಬಿಸಿಲು ಸೇರುವುದಿಲ್ಲ. ಈ ಮಾತನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಬಹುಕಾಲ ಹಿಂಜರಿದಿದ್ದೇನೆ. ನಾವು ಬೆಳಗೆದ್ದು ಅರ್ಘ್ಯವೆತ್ತುವುದು ಸೂರ್ಯನಿಗೆ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಮಹಾಕವಿ ಕುವೆಂಪು ಮೈಸೂರಿನ ತಮ್ಮ ಮನೆಗೆ ಇಟ್ಟ ಹೆಸರು ‘ಉದಯರವಿ’. ಅಂಥ ನೆಲದಲ್ಲಿ ಹುಟ್ಟಿ ಸೂರ್ಯನ ಮೇಲೆ ಮುನಿಸೆಂದರೆ ಕೇಳಿದವರು ನಕ್ಕಾರು. ಉದಯರವಿಯ ಮೇಲೆ ನನ್ನ ತಕರಾರೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆತ ಬಂದು ಕಾಡಿನ ನೆತ್ತಿಗೆ ಇಷ್ಟು ಕುಂಕುಮವಿಟ್ಟು ಮೋಡದೊಳಗೆ ಹೊರಟುಹೋದರೆ ನಮ್ಮಿಬ್ಬರ ಸ್ನೇಹಕ್ಕೆ ಚ್ಯುತಿಯಿಲ್ಲ. ಒಂಬತ್ತು ಗಂಟೆಯ ಮೇಲೂ ನಿಂತನೆಂದರೆ ಮಾತ್ರ ನನಗೆ ತಲೆ ಸಿಡಿಯತೊಡಗುತ್ತದೆ, ಮನಸ್ಸು ಕದಡುತ್ತದೆ, ಹಿಡಿದ ಪುಸ್ತಕ ಕೈಯಲ್ಲೇ ಉಳಿಯುತ್ತದೆ.

ಶೃಂಗೇರಿಯಿಂದ ಕೊಪ್ಪಕ್ಕೆ, ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ನಾನು ಹತ್ತುವ ಮೊದಲೇ ಲೆಕ್ಕ ಹಾಕುತ್ತೇನೆ. ಬೆಳಗಿನ ಬಸ್ಸಾದರೆ ಎಡಗಡೆಯ ಕಿಟಕಿ, ಮಧ್ಯಾಹ್ನದ ಮೇಲಿನದಾದರೆ ಬಲಗಡೆಯದು. ಮಲೆನಾಡಿನ ರಸ್ತೆಯ ತಿರುವುಗಳು ಈ ಗಣಿತವನ್ನು ಮೈಲಿಗೆರಡು ಸಲ ಕೆಡಿಸುತ್ತವೆ, ನಿಜ. ಆದರೂ ಲೆಕ್ಕ ಬಿಟ್ಟಿಲ್ಲ. ನರಸಿಂಹರಾಜಪುರದಲ್ಲಿ ನನ್ನ ತಂಗಿಯ ಮನೆ. ನಾನು ಜಗಲಿ ಹತ್ತಿದ ಕೂಡಲೇ ಅವಳು ಒಳಗೆ ಕೂಗಿ ಹೇಳುತ್ತಾಳೆ: “ಅಣ್ಣಯ್ಯ ಬಂದ, ಪರದೆ ಎಳೀರಿ!”

ಈ ವಿಷಯದಲ್ಲಿ ನನ್ನ ಮೊದಲ ಎದುರಾಳಿ ನನ್ನ ಅಜ್ಜಯ್ಯ. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತ ಒಂದು ದಿನ ಅವರು, ಮೋಡ ಮುಚ್ಚಿದ ಹಗಲಿಗೆ ಅಮರಸಿಂಹ ಕೊಟ್ಟ ಹೆಸರು ‘ದುರ್ದಿನ’ ಎಂದು ಹೇಳಿದರು. ಕೆಟ್ಟ ದಿನ! ಹೊರಗೆ ಆರಿದ್ರಾ ಮಳೆಯ ಮೋಡ ತೋಟದ ಮೇಲೆ ಇಳಿದು, ಅಡಿಕೆಮರಗಳ ಮಂಡೆ ಕಾಣದಂತಾಗಿತ್ತು. ಅದಕ್ಕಿಂತ ಒಳ್ಳೆಯ ದಿನವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಾಗಿದ್ದರೆ ಕಾಳಿದಾಸನ ಯಕ್ಷ ಮೋಡವನ್ನೇ ಏಕೆ ದೂತನನ್ನಾಗಿ ಮಾಡಿಕೊಂಡ, ಕೆಟ್ಟ ದಿನ ತರುವವನ ಕೈಯಲ್ಲಿ ಯಾರಾದರೂ ಹೆಂಡತಿಗೆ ಕ್ಷೇಮಸಮಾಚಾರ ಹೇಳಿಕಳಿಸುತ್ತಾರೆಯೆ ಎಂದು ಕೇಳಿದೆ. ಅಜ್ಜಯ್ಯ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಯಕ್ಷನಿಗೆ ತೋಟ ಇರಲಿಲ್ಲ, ಮಾಣಿ.”

ಆ ಉತ್ತರದ ತೂಕ ತಿಳಿಯುವುದಕ್ಕೆ ನನಗೆ ಕೆಲವು ವರ್ಷಗಳು ಬೇಕಾದವು. ಅದನ್ನು ಆಮೇಲೆ ಹೇಳುತ್ತೇನೆ.

ಮೋಡದ ದಿನವೆಂದರೆ ಏನೆಂಬುದನ್ನು ಬಯಲುಸೀಮೆಯ ಮಿತ್ರರಿಗೆ ಸ್ವಲ್ಪ ವಿವರಿಸಬೇಕು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಪಶ್ಚಿಮಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಏರಬೇಕು; ಏರಿದ ಗಾಳಿ ತಣಿಯಬೇಕು; ತಣಿದದ್ದು ನೀರಾಗಬೇಕು. ಹೀಗೆ ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಮೋಡದ ಗಂಟು ಕರಗುತ್ತ ಬರುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತವನಿಗೆ ಇದಕ್ಕೆ ಮಳೆಮಾಪಕ ಬೇಡ. ಶೃಂಗೇರಿಯಲ್ಲಿ ಜಡಿಮಳೆ, ಕೊಪ್ಪದಲ್ಲಿ ತುಂತುರು. ಒಂದು ಕಾಲಕ್ಕೆ ಎಡೆಹಳ್ಳಿಯಾಗಿದ್ದು, ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಭದ್ರೆಯ ಹಿನ್ನೀರಿನ ಮೇಲೆ ಬಿಸಿಲಿನ ಒಂದು ಕೋಲು. ಮೂರು ಊರುಗಳೂ ಅಕ್ಕಪಕ್ಕದ ತಾಲ್ಲೂಕುಗಳೇ. ಆದರೆ ಅವುಗಳ ಆಕಾಶ ಬೇರೆ ಬೇರೆ. ತಂಗಿಯನ್ನು ಆ ಊರಿಗೆ ಕೊಡುವಾಗ ನನ್ನನ್ನು ಯಾರೂ ಕೇಳಲಿಲ್ಲ.

ಮೋಡದ ಹಗಲಿಗೆ ನೆರಳಿಲ್ಲ. ನೆರಳಿಲ್ಲವಾದ್ದರಿಂದ ಗಡಿಯಾರವಿಲ್ಲ. ಬೆಳಗಿನ ಎಂಟು ಗಂಟೆಗೂ ಮಧ್ಯಾಹ್ನದ ಮೂರು ಗಂಟೆಗೂ ಒಂದೇ ಬೆಳಕು. ಬಿಸಿಲಾದರೋ ಕೆಲಸ ಹೇಳುವ ಮೇಸ್ತ್ರಿಯಂತೆ ಅಂಗಳದಲ್ಲಿ ಜಾಗ ಬದಲಿಸುತ್ತಲೇ ಇರುತ್ತದೆ: ಇಲ್ಲಿ ಒಣಗಿತು, ಅಲ್ಲಿಗೆ ಎಳಿ, ಹೊತ್ತು ತಿರುಗಿತು, ಬೇಗ ಏಳು. ಮೋಡದ ಬೆಳಕು ಯಾರನ್ನೂ ಏಳಿಸುವುದಿಲ್ಲ. ಆ ಬೆಳಕಿನಲ್ಲಿ ಹಸುರು ಒಂದೇ ಅಲ್ಲವೆಂದು ಕಾಣುತ್ತದೆ. ಪಾಗಾರದ ಪಾಚಿಯದೊಂದು, ಏಲಕ್ಕಿ ಎಲೆಯದೊಂದು, ಗದ್ದೆಯ ಸಸಿಯದೊಂದು. ಬಿಸಿಲು ಇವೆಲ್ಲಕ್ಕೂ ಒಂದೇ ಬಿಳಿಯ ಹೊಳಪು ಬಳಿದುಬಿಡುತ್ತದೆ. ಮುಖಗಳೂ ಹಾಗೆಯೇ. ಕಣ್ಣು ಕಿರಿದು ಮಾಡದೆ, ಹುಬ್ಬಿನ ಮೇಲೆ ಕೈಯಿಡದೆ ಒಬ್ಬರ ಮುಖವನ್ನು ಇನ್ನೊಬ್ಬರು ನೋಡುವುದು ಮೋಡದ ದಿನಗಳಲ್ಲಿ.

ನನ್ನ ಪಕ್ಷಕ್ಕೆ ಶೃಂಗೇರಿಯ ಸ್ಥಳಪುರಾಣದ ಬೆಂಬಲವೂ ಇದೆಯೆಂದು ನಾನು ವಾದಿಸುವುದುಂಟು. ತುಂಗೆಯ ದಂಡೆಯಲ್ಲಿ ಕಪ್ಪೆಶಂಕರವೆಂಬ ಪುಟ್ಟ ಗುಡಿಯಿದೆ. ನಡುಹಗಲಿನ ಬಿಸಿಲಿನಲ್ಲಿ ಪ್ರಸವವೇದನೆಯಿಂದ ನರಳುತ್ತಿದ್ದ ಕಪ್ಪೆಯೊಂದಕ್ಕೆ ನಾಗರಹಾವು ಹೆಡೆಯೆತ್ತಿ ನೆರಳು ಹಿಡಿದಿತ್ತಂತೆ. ಅದನ್ನು ಕಂಡ ಶಂಕರಾಚಾರ್ಯರು, ಹುಟ್ಟುವೈರವೂ ಅಳಿಯುವ ಜಾಗವಿದೆಂದು ಅಲ್ಲಿ ಪೀಠವನ್ನು ಸ್ಥಾಪಿಸಿದರೆಂಬುದು ಕಥೆ. ದೊಡ್ಡವರು ಇದರಲ್ಲಿ ವೈರತ್ಯಾಗವನ್ನು ಕಾಣುತ್ತಾರೆ. ನನಗೆ ಮೊದಲು ಕಾಣುವುದು ಬಿಸಿಲು. ಹಾವಿನ ಹೃದಯವೂ ಕರಗಬೇಕಾದರೆ ಆ ಹಗಲು ಹೇಗೆ ಉರಿದಿರಬೇಕು! ಅಲ್ಲೇ ಸಮೀಪದಲ್ಲಿರುವ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಆಯಾ ಮಾಸದಲ್ಲಿ ಸೂರ್ಯಕಿರಣ ಆಯಾ ರಾಶಿಯ ಕಂಬವನ್ನು ಮುಟ್ಟುತ್ತದೆಂದು ಹೇಳುತ್ತಾರೆ. ಕರ್ಕಾಟಕ, ಸಿಂಹಗಳ ಕಂಬಗಳು ಮಾತ್ರ ತಮ್ಮ ಸರದಿಗಾಗಿ ಬಹಳ ಕಾದಿರಬೇಕು. ಆಗ ನಮ್ಮಲ್ಲಿ ಕಿರಣವೆಲ್ಲಿ ಬರಬೇಕು?

ಅಡಿಕೆಮರವನ್ನೂ ನಾನು ಸಾಕ್ಷಿಗೆ ಕರೆಯಬಲ್ಲೆ. ಆಕಾಶಕ್ಕೆ ನೆಟ್ಟಗೆ ನಿಂತ ಆ ಮರಕ್ಕೆ ಇಳಿಬಿಸಿಲು ಆಗದು. ನೈರುತ್ಯದ ಬಿಸಿಲು ಕಾಂಡಕ್ಕೆ ನೇರವಾಗಿ ಬಿದ್ದರೆ ಹಸುರು ತೊಗಟೆ ಹಳದಿಯಾಗಿ, ಕಂದಾಗಿ, ಸೀಳು ಬಿಟ್ಟು, ಮುಂದೊಂದು ಗಾಳಿಗೆ ಮರ ಮುರಿದುಬೀಳುತ್ತದೆ. ಆದ್ದರಿಂದ ತೋಟದ ಪಡುವಣ, ತೆಂಕಣ ಅಂಚಿನಲ್ಲಿ ಎತ್ತರದ ಮರಗಳನ್ನು ಬೆಳೆಸುತ್ತಾರೆ. ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಅಡಿಕೆಸೋಗೆ ಕಟ್ಟುತ್ತಾರೆ. ಕೊಪ್ಪದ ಸುತ್ತಿನ ಕಾಫಿಗಿಡಗಳೂ ಮರದ ನೆರಳಿನಲ್ಲೇ ಬದುಕುವಂಥವು. ಬಿಸಿಲಿಗೆ ಅಂಜಿ ನಡೆಯುವವನು ಈ ಸೀಮೆಯಲ್ಲಿ ನಾನೊಬ್ಬನೇ ಅಲ್ಲ.

ಇಷ್ಟು ಸಾಕ್ಷಿಗಳಿದ್ದೂ ನಾನು ಮೊಕದ್ದಮೆ ಸೋತದ್ದು ಅಪ್ಪಯ್ಯನ ಮುಂದೆ.

ನಾನು ಹೈಸ್ಕೂಲಿನಲ್ಲಿದ್ದ ಒಂದು ವರ್ಷ ಪುನರ್ವಸು ಮಳೆ ಹಿಡಿದದ್ದು ಆಶ್ಲೇಷ ಕಳೆದರೂ ಬಿಡಲಿಲ್ಲ. ಶಾಲೆಗೆ ರಜೆಯ ಮೇಲೆ ರಜೆ. ಒಂದು ಬೆಳಿಗ್ಗೆ ಕಂಬಳಿಕೊಪ್ಪೆ ಹೊದ್ದು ತೋಟಕ್ಕೆ ಇಳಿದೆ. ಮೋಡ ಮರಗಳ ನಡುವೆ ನಡೆದಾಡುತ್ತಿತ್ತು. ಕಪ್ಪಿನ ಬದಿಯಲ್ಲಿ ಅಪ್ಪಯ್ಯ ಬೆನ್ನು ತಿರುಗಿಸಿ ನಿಂತಿದ್ದರು. “ಎಷ್ಟು ಚೆಂದ ಇದೆ ಅಲ್ವಾ ಅಪ್ಪಯ್ಯ, ಮೋಡ!” ಎಂದೆ. ಅವರು ಸಿಟ್ಟಾಗಲಿಲ್ಲ. ತಿರುಗದೆಯೇ, “ಮೇಲೆ ನೋಡುದು ಆಮೇಲೆ. ಮೊದಲು ಕೆಳಗೆ ನೋಡು ಮಾಣಿ” ಎಂದರು.

ಕೆಳಗೆ ನೆಲ ಕಾಣುತ್ತಿರಲಿಲ್ಲ. ಎಳೆ ಅಡಿಕೆ ಹಾಸಿದಂತೆ ಬಿದ್ದಿತ್ತು. ಎತ್ತಿ ನೋಡಿದರೆ ತೊಟ್ಟಿನ ಬುಡದಲ್ಲಿ ನೀರು ತುಂಬಿದಂಥ ಕಡುಹಸುರು ಕಲೆ, ಕೆಲವಕ್ಕೆ ಬಿಳಿಯ ಬೂಷ್ಟು. ಕೊಳೆರೋಗ! ನಾನು ಚೆಂದವೆಂದ ಮೋಡ ಅದನ್ನು ಮರದಿಂದ ಮರಕ್ಕೆ ದಾಟಿಸಿತ್ತು.

ಕೊಳೆಯ ಚರಿತ್ರೆಯನ್ನು ನಾನು ಓದಿಕೊಂಡದ್ದು ಬಹಳ ಆಮೇಲೆ. ಇದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಕೆಲಸ. ಬಿಡದ ಮಳೆ, ಆರದ ತೇವ, ತಂಪುಹವೆ ಇವೇ ಅದರ ಅನ್ನ. ಹಿಂದೆ ಕೊನೆಕೊನೆಗೂ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗದ ಬೆನ್ನು ಹತ್ತಿ, ಫ್ರಾನ್ಸಿನ ದ್ರಾಕ್ಷಿತೋಟಗಳ ಬೋರ್ಡೋ ದ್ರಾವಣವನ್ನು ಅಡಿಕೆಯ ಕೊನೆಗೆ ಹೊಡೆಯುವುದನ್ನು ರೂಢಿಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇಂದಿಗೂ ನಮ್ಮ ಆಸರೆ ಇದೇ. ಮಳೆಗಾಲಕ್ಕೆ ಮುನ್ನ ಒಂದು ಸಲ, ಒಂದೂವರೆ ತಿಂಗಳ ಮೇಲೆ ಇನ್ನೊಂದು ಸಲ. ಆ ಎರಡನೆಯದಕ್ಕೆ ಹೊಳವಾಗಬೇಕು. ಮರ ಒದ್ದೆಯಿದ್ದರೆ ಕೊನೆಗಾರ ಹತ್ತುವಂತಿಲ್ಲ. ಹತ್ತಿಸುವುದೂ ಪಾಪ, ಜಾರಿದರೆ ಜೀವವೇ ಹೋಗುತ್ತದೆ. ಆ ವರ್ಷ ಹೊಳವೇ ಆಗಲಿಲ್ಲ. ಸುಣ್ಣ ಮೈಲುತುತ್ತಗಳು ಹಂಡೆಯ ಪಕ್ಕದಲ್ಲಿ ಹಾಗೆಯೇ ಕುಳಿತಿದ್ದವು.

ಆಗ ಅಪ್ಪಯ್ಯ ನನ್ನನ್ನು ಕರೆದುಕೊಂಡು ಕಿಗ್ಗಕ್ಕೆ ಹೋದರು. ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರು ದೂರದ ಆ ಊರಿನಲ್ಲಿ ಋಷ್ಯಶೃಂಗೇಶ್ವರನಿದ್ದಾನೆ. ಬರಗಾಲ ಬಿದ್ದ ಅಂಗದೇಶಕ್ಕೆ ಕಾಲಿಟ್ಟ ಮಾತ್ರಕ್ಕೆ ಮಳೆ ಸುರಿಸಿದ ಮುನಿ ಋಷ್ಯಶೃಂಗ. ಮಳೆ ಬೇಕಾದವರೂ ಅಲ್ಲಿಗೇ ಬರುತ್ತಾರೆ, ಮಳೆ ನಿಲ್ಲಬೇಕಾದವರೂ ಅಲ್ಲಿಗೇ. ಅಪ್ಪಯ್ಯ ಕಣ್ಣುಮುಚ್ಚಿ ಕೈಮುಗಿದು ಬಹಳ ಹೊತ್ತು ನಿಂತರು. ನಾನೂ ಕಣ್ಣುಮುಚ್ಚಿದೆ. ‘ಮಳೆ ನಿಲ್ಲಲಿ’ ಎಂದು ಮನಸ್ಸಿನಲ್ಲಿ ಹೇಳಲು ಹೊರಟರೆ ಮಾತು ಪೂರ್ತಿಯಾಗಲಿಲ್ಲ. ದೇವರೊಂದಿಗೆ ಚೌಕಾಸಿ ಮಾಡಿದೆ. ಮೂರು ದಿನ ನಿಲ್ಲಲಿ, ಔಷಧಿ ಹೊಡೆದಾಗಲಿ, ಮತ್ತೆ ಮೋಡ ಬರಲಿ ಎಂದು ಬೇಡಿಕೊಂಡೆ. ಅಪ್ಪಯ್ಯನ ಪಕ್ಕದಲ್ಲೇ ನಿಂತು, ಅಪ್ಪಯ್ಯನಿಗೆ ತಿಳಿಯದಂತೆ, ಅವರ ಪ್ರಾರ್ಥನೆಯಲ್ಲಿ ಮುಕ್ಕಾಲು ಪಾಲನ್ನು ನಾನು ವಾಪಸು ತೆಗೆದುಕೊಂಡಿದ್ದೆ. ಆ ವರ್ಷ ಫಸಲು ಮುಕ್ಕಾಲು ಹೋಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತದೆ. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಅಪ್ಪಯ್ಯ ಯಾರನ್ನೂ ಬೈಯಲಿಲ್ಲ. ಈ ಚೌಕಾಸಿಯ ವಿಷಯವನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅವರಿರುವ ತನಕ ಹೇಳಲಾಗಲಿಲ್ಲ.

ಈಗ ತೋಟದ ಯಜಮಾನ ನಾನು. ಕೊಯ್ಲಿನ ಕಾಲದಲ್ಲಿ ಬಂಗಾಳಕೊಲ್ಲಿಯಲ್ಲೆಲ್ಲೋ ವಾಯುಭಾರ ಕುಸಿಯಿತೆಂದು ರೇಡಿಯೋ ಹೇಳಿದರೆ ನನ್ನ ಎದೆಯೂ ಕುಸಿಯುತ್ತದೆ. ಸುಲಿದು ಬೇಯಿಸಿ ಹರಡಿದ ಅಡಿಕೆಗೆ ಆರೇಳು ದಿನದ ಒಳ್ಳೆಯ ಬಿಸಿಲು ಬೇಕು. ಮೋಡ ಮುಚ್ಚಿದರೆ ಬೂಷ್ಟು ಹಿಡಿದು ಬಣ್ಣ ಹೋಯಿತು, ಬಣ್ಣ ಹೋದರೆ ಬೆಲೆ ಹೋಯಿತು. ಅಂಗಳಕ್ಕೆ ಪ್ಲಾಸ್ಟಿಕ್ಕಿನ ಮಾಡು ಹಾಕಿಸಿದ್ದೇನೆ. ಅದರೊಳಗೆ ಅಡಿಕೆ ಒಣಗುತ್ತದೆ, ನಾನು ಬೇಯುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೊಂದು ಬಂದು ಸೇರಿಕೊಂಡಿದೆ. ಅದಕ್ಕೂ ತೇವವೇ ಪ್ರಿಯ. ಇಷ್ಟಾದರೂ ಜೂನ್ ತಿಂಗಳ ಮೊದಲ ಮೋಡ ನರಸಿಂಹಪರ್ವತದ ಕಡೆಯಿಂದ ಎದ್ದಾಗ ನನ್ನ ಮೈ ಪುಲಕಗೊಳ್ಳುವುದು ನಿಂತಿಲ್ಲ. ಬೋರ್ಡೋ ಹಂಡೆಯ ಪಕ್ಕದಲ್ಲಿ ನಿಂತೇ ಪುಲಕಗೊಳ್ಳುತ್ತೇನೆ.

2023ರ ಮಳೆಗಾಲ ಬಂತು. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲವಂತೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಖೆಯ ಮಳೆ ಹೊಯ್ಯಬೇಕಾದ ಹೊತ್ತಿನಲ್ಲಿ ನಮ್ಮ ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು. ಕೊಳೆಯ ಭಯವಿಲ್ಲ, ಆದರೆ ತೋಟದ ಕಪ್ಪಿನಲ್ಲಿ ನೀರಿಲ್ಲ. ಆ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನಾನೊಬ್ಬನೇ ಕಿಗ್ಗಕ್ಕೆ ಹೋದೆ. ಅಪ್ಪಯ್ಯ ನಿಂತಿದ್ದ ಜಾಗವೆಂದು ನನಗೆ ತೋರಿದಲ್ಲಿ ನಿಂತೆ. ಈ ಸಲ ಚೌಕಾಸಿಯಿಲ್ಲ. ಮೋಡ ಬೇಕು, ಮಳೆಯೂ ಬೇಕು. ನನಗೆ ಬೇಕಾದದ್ದೂ ತೋಟಕ್ಕೆ ಬೇಕಾದದ್ದೂ ಒಂದೇ ಆಗಿದ್ದವು.

ಹೊರಗೆ ಬಂದಾಗ ನರಸಿಂಹಪರ್ವತದ ನೆತ್ತಿಯ ಮೇಲೆ ಒಂದು ಮೋಡ ನಿಂತಿತ್ತು. ಬೆಳ್ಳಗೆ, ಅಂಚು ಸ್ವಲ್ಪ ಬೂದು. ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಹಣೆಗೆ ಕೈಯಿಟ್ಟು ನೋಡಿ, “ಬರೀ ಮೋಡ ಮಾರಾಯ್ರೆ, ಅದರಲ್ಲಿ ಏನೂ ಇಲ್ಲ” ಎಂದರು. ನೋಡುನೋಡುತ್ತಿದ್ದಂತೆ ಅದು ಚದುರಿ, ತೆಳ್ಳಗಾಗಿ, ಇಲ್ಲವಾಯಿತು. ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಒಂದು ಮೋಡದ ಮೇಲೆ ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಬಸ್ಸು ಬಂತು. ಮುದುಕರನ್ನು ಮೊದಲು ಹತ್ತಿಸಿ, ಹಿಂದಿನಿಂದ ನಾನೂ ಹತ್ತಿ, ಬಿಸಿಲು ಬೀಳದ ಕಡೆಯ ಕಿಟಕಿ ಹುಡುಕಿ ಕುಳಿತೆ.