ನಲ್ಲಿ ಮುರಿದರೆ ನಷ್ಟ ಯಾರಿಗೆ?

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ ಉಪನ್ಯಾಸ)



ನಮ್ಮ ಸಂಘದ ಪೆಟ್ಟಿಗೆಯಲ್ಲಿರುವ ಹಣ ಯಾರದ್ದು ಅಂತ ಕೇಳಿದರೆ ನಾವೆಲ್ಲರೂ ಕೊಡುವ ಉತ್ತರ ಒಂದೇ: ಎಲ್ಲಾ ಸದಸ್ಯೆಯರದ್ದು. ಅದರಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೂ ಆ ದಿನದ ಸಭೆ ಮುಗಿಯೋದಿಲ್ಲ. ಆದರೆ ಬೀದಿ ನಲ್ಲಿ ಯಾರದ್ದು ಅಂದರೆ "ಪಂಚಾಯ್ತಿದು", ಬಸ್ಸು ಯಾರದ್ದು ಅಂದರೆ "ಸರ್ಕಾರದ್ದು" ಅನ್ನುವ ಮಾತು ಊರಲ್ಲಿ ಕೇಳಿಬರುತ್ತೆ. ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತೆ? ನಾವು ಅಂಗಡಿಯಲ್ಲಿ ಒಂದು ಸೋಪು ಕೊಂಡರೂ ಅದರಲ್ಲಿ ತೆರಿಗೆ ಇದೆ. ಹಾಗಾಗಿ ಊರಿನ ನಲ್ಲಿ, ದೀಪ, ಶಾಲೆ, ಬಸ್ಸು ಎಲ್ಲವೂ ದೊಡ್ಡದೊಂದು ಸಂಘದ ಪೆಟ್ಟಿಗೆ ಇದ್ದಂತೆ.

ಈ ಪೆಟ್ಟಿಗೆಯನ್ನು ಬೇಕೆಂದೇ ಹಾಳು ಮಾಡುವುದನ್ನು ಪತ್ರಿಕೆಗಳು ಕಿಡಿಗೇಡಿತನ ಅನ್ನುತ್ತವೆ. ಇಂಗ್ಲಿಷಿನಲ್ಲಿ ವ್ಯಾಂಡಲಿಸಂ ಅನ್ನುತ್ತಾರೆ. ಕ್ರಿ.ಶ. 455ರಲ್ಲಿ ವ್ಯಾಂಡಲ್ ಎಂಬ ಜನಾಂಗದವರು ರೋಮ್ ನಗರವನ್ನು ಕೊಳ್ಳೆ ಹೊಡೆದರು. ಅವರ ಹೆಸರಿನಿಂದ ಈ ಪದವನ್ನು 1794ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಧರ್ಮಾಧ್ಯಕ್ಷ ಆನ್ರಿ ಗ್ರೆಗ್ವಾರ್. ಕ್ರಾಂತಿಯ ಗಲಾಟೆಯಲ್ಲಿ ಜನ ಹಳೆಯ ಶಿಲ್ಪ, ಸ್ಮಾರಕ, ಪುಸ್ತಕಗಳನ್ನು ನಾಶ ಮಾಡುತ್ತಿದ್ದಾಗ, ಇವೆಲ್ಲ ಇಡೀ ದೇಶದ ಆಸ್ತಿ, ಉಳಿಸಿಕೊಳ್ಳಿ ಎಂದು ಅವರು ವಾದಿಸಿದರು.

ಒಂದು ವ್ಯತ್ಯಾಸ ನಾವು ತಿಳಿದಿರಬೇಕು. ಹಳೆಯದಾಗಿ ಕೆಟ್ಟದ್ದು ಬೇರೆ, ಕೈಯಾರೆ ಕೆಡಿಸಿದ್ದು ಬೇರೆ. ಪೈಪು ತುಕ್ಕು ಹಿಡಿದು ಸೋರಿದರೆ ಅದು ದುರಸ್ತಿಯ ವಿಷಯ. ಕಲ್ಲಿನಿಂದ ಜಜ್ಜಿದ್ದರೆ ಅದು ಅಪರಾಧ.

ಇದರ ರೂಪಗಳು ಹಲವು:

1. ಗೀಚುವುದು: ಶಾಲೆ ಗೋಡೆ, ಬಸ್ಸಿನ ಸೀಟು, ಹಳೆಯ ದೇಗುಲದ ಕಲ್ಲಿನ ಮೇಲೆ ಹೆಸರು ಕೆತ್ತುವುದು, ಶೌಚಾಲಯದ ಗೋಡೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ಕೆಟ್ಟದಾಗಿ ಬರೆಯುವುದು.

2. ಮುರಿಯುವುದು: ಬೀದಿ ದೀಪಕ್ಕೆ ಕಲ್ಲು ಹೊಡೆಯುವುದು, ತಂಗುದಾಣದ ಬೆಂಚು, ಶೌಚಾಲಯದ ಚಿಲಕ ಕೀಳುವುದು.

3. ಕದ್ದು ಮಾರುವುದು: ಹಿತ್ತಾಳೆ ನಲ್ಲಿ, ಚರಂಡಿಯ ಕಬ್ಬಿಣದ ಮುಚ್ಚಳ, ಕೊಳವೆಬಾವಿಯ ಕೇಬಲ್ಲು ಗುಜರಿಗೆ ಹೋಗುವುದು.

4. ಸಿಟ್ಟಿನಲ್ಲಿ ಸುಡುವುದು: 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಗಲಾಟೆಯಾದಾಗ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟುಹೋದವು. ಬೇಡಿಕೆ ನ್ಯಾಯವಾದದ್ದೇ ಇರಬಹುದು. ಬಸ್ಸು ಸುಟ್ಟರೆ ಹನಿ ನೀರೂ ಹೆಚ್ಚಿಗೆ ಬರೋದಿಲ್ಲ.

ಇವುಗಳ ಪೆಟ್ಟು ಮೊದಲು ಬೀಳೋದು ಯಾರ ಮೇಲೆ? ನಲ್ಲಿ ಮುರಿದರೆ ಕೊಡ ಹೊತ್ತು ದೂರ ಹೋಗುವವರು ನಾವು. ದೀಪ ಒಡೆದರೆ ಸಂಜೆ ಕೆಲಸ ಮುಗಿಸಿ ಕತ್ತಲಲ್ಲಿ ಬರುವವರು ನಾವು. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲದಿದ್ದರೆ ಗಂಡುಹುಡುಗರಿಗೆ ಅಷ್ಟು ತೊಂದರೆಯಿಲ್ಲ; ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ತಿಂಗಳಿನ ಆ ದಿನಗಳಲ್ಲಿ ಶಾಲೆಗೇ ಹೋಗೋದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸನ್ನು ನಂಬಿಕೊಂಡ ಹೆಂಗಸರು ಎಷ್ಟು ಮಂದಿ! ಒಂದು ಬಸ್ಸಿನ ಗಾಜು ಒಡೆದರೆ ಅದು ಡಿಪೋದಲ್ಲಿ ನಿಲ್ಲುತ್ತೆ, ನಾವು ರಸ್ತೆಯಲ್ಲಿ ನಿಲ್ಲುತ್ತೇವೆ.

ಕಾನೂನು ಏನು ಹೇಳುತ್ತೆ? ಸಾರ್ವಜನಿಕ ಆಸ್ತಿಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ 5 ವರ್ಷದವರೆಗೆ ಜೈಲು ಮತ್ತು ದಂಡ ಆಗಬಹುದು.

"ಹುಡುಗಾಟಕ್ಕೆ ಮಾಡಿದ್ದು" ಅಂದರೆ ಬಿಡೋದಿಲ್ಲ. 2019ರಲ್ಲಿ ಹಂಪಿಯ ಒಂದು ವಿಷ್ಣು ದೇಗುಲದ ಬಳಿ ಕೆಲವು ಯುವಕರು ಕಲ್ಲಿನ ಕಂಬವನ್ನು ತಳ್ಳಿ ಬೀಳಿಸಿದ ವಿಡಿಯೋ ಎಲ್ಲೆಡೆ ಹರಡಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆ ನ್ಯಾಯಾಲಯ ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಲು ಆದೇಶಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹಿರಿಯರು ಹೇಳಿದ್ದು ಇದಕ್ಕೇ.

ಸಹೋದರಿಯರೇ, ಕಲ್ಲು ಹೊಡೆಯುವವರು ಬೇರೆ ಊರಿನಿಂದ ಬರೋದು ಕಡಿಮೆ. ಅವರು ನಮ್ಮ ಬೀದಿಯವರೇ, ನಮ್ಮ ಮನೆಯ ಮಕ್ಕಳೇ ಆಗಿರಬಹುದು. ಮಗನ ಹೆಸರು ಬಂತು ಅಂತ ತಾಯಿ ಮುಚ್ಚಿಟ್ಟರೆ ಅವನಿಗೆ ಒಳ್ಳೆಯದಾಗೋದಿಲ್ಲ. ಅವನ ಕೈಯಿಂದಲೇ ಚಿಲಕ ಹಾಕಿಸಿದರೆ, ಗೋಡೆಗೆ ಸುಣ್ಣ ಹೊಡೆಸಿದರೆ, ಅವನೇ ನಾಳೆ ಅದನ್ನು ಕಾಯುತ್ತಾನೆ.

ಸಂಘವಾಗಿ ನಾವು ಏನು ಮಾಡಬಹುದು?

- ನಮ್ಮ ಬೀದಿಯ ನಲ್ಲಿ, ದೀಪ, ಶೌಚಾಲಯ, ಅಂಗನವಾಡಿಯ ಸ್ಥಿತಿಯನ್ನು ತಿಂಗಳಿಗೊಮ್ಮೆ ಸಭೆಯಲ್ಲಿ ಮಾತಾಡಿ ನಿರ್ಣಯ ಪುಸ್ತಕದಲ್ಲಿ ಬರೆಯೋಣ.
- ಹಾಳಾದದ್ದನ್ನು ಪಂಚಾಯ್ತಿಗೆ ಅರ್ಜಿ ಮೂಲಕ ತಿಳಿಸಿ, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳೋಣ. ಉತ್ತರ ಬಾರದಿದ್ದರೆ ಗ್ರಾಮಸಭೆಯಲ್ಲಿ ಕೇಳೋಣ.
- ಶಾಲೆಯದ್ದಾದರೆ ಶಾಲಾಭಿವೃದ್ಧಿ ಸಮಿತಿಗೆ ಹೇಳೋಣ.
- ಒಡೆದ ದೀಪ, ಜೋತುಬಿದ್ದ ತಂತಿಯನ್ನು ಯಾರೂ ಮುಟ್ಟುವುದು ಬೇಡ, ಲೈನ್‌ಮನ್‌ಗೆ ತಿಳಿಸೋಣ.
- ಯಾರಾದರೂ ಸಿಕ್ಕಿಬಿದ್ದರೆ ಹೊಡೆಯೋದು, ಬಯ್ಯೋದು ಬೇಡ. ಸಣ್ಣವರಾದರೆ ತಂದೆತಾಯಿಯನ್ನು ಕರೆಸೋಣ. ಕಳ್ಳತನ, ಬೆಂಕಿಯಂಥ ವಿಷಯವಾದರೆ 112ಕ್ಕೆ ಫೋನು ಮಾಡೋಣ.

ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ಪೆಟ್ಟಿಗೆ ತುಂಬಿಸಿದವರು ನಾವು. ಒಂದೊಂದು ರೂಪಾಯಿಯ ಲೆಕ್ಕ ಇಡಲು ಕಲಿತವರು ನಾವು. ಅದೇ ಲೆಕ್ಕದ ಕಣ್ಣಿನಿಂದ ಇನ್ನು ಮುಂದೆ ಊರಿನ ನಲ್ಲಿಯನ್ನೂ ನೋಡೋಣ. ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಒಂದು ವಿಷಯಕ್ಕೆ ಹದಿನೈದು ನಿಮಿಷ ಕೊಡಿ ಎಂದು ಕೇಳಿಕೊಳ್ಳುತ್ತೇನೆ.