ಆಕಾಶ ಕಾಯುವ ಕ್ಷಿಪಣಿ


ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ 1983ರಲ್ಲಿ ಆರಂಭವಾದ ಯೋಜನೆಯ ಫಲವೇ ‘ಆಕಾಶ್’. ನೆಲದಿಂದ ಹಾರಿ ಸುಮಾರು 25 ಕಿ.ಮೀ. ದೂರದ ಶತ್ರು ವಿಮಾನವನ್ನು ಹೊಡೆಯುವ ಕ್ಷಿಪಣಿ ಇದು. ಇದಕ್ಕೆ ದಾರಿ ತೋರುವ ‘ರಾಜೇಂದ್ರ’ ರೇಡಾರ್ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ.

ಆದರೆ ಕಂಡರೆ ಸಾಲದು, ಗುರುತಿಸಲೂ ಬೇಕು. ಅದಕ್ಕಾಗಿ ನೆಲದಿಂದ ‘ಯಾರು ನೀನು?’ ಎಂಬ ಸಂಕೇತ ಹೋಗುತ್ತದೆ. ನಮ್ಮ ವಿಮಾನವಾದರೆ ಗುಪ್ತ ಸಂಕೇತದಲ್ಲೇ ಉತ್ತರ ಕೊಡುತ್ತದೆ. ಈ ಗುರುತು ತಪ್ಪಿದರೆ? 2019ರ ಫೆಬ್ರವರಿ 27ರಂದು ಕಾಶ್ಮೀರದ ಬುಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ (ಅದು ಆಕಾಶ್ ಅಲ್ಲ, ಇಸ್ರೇಲಿನ ಸ್ಪೈಡರ್) ನಮ್ಮ ವಾಯುಪಡೆಯ ಹೆಲಿಕಾಪ್ಟರನ್ನೇ ಕೆಡವಿತು. ಅದರಲ್ಲಿದ್ದ 6 ಯೋಧರು, ನೆಲದಲ್ಲಿದ್ದ ಒಬ್ಬ ನಾಗರಿಕ ಮೃತಪಟ್ಟರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಅದೇ ಅಕ್ಟೋಬರಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.