ಕುಡಿತದ ಲೆಕ್ಕ, ಸಂಘದ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ಗೊಬ್ಬರ ಮಾರಿತು ಎಂಬುದನ್ನು ಕಾರ್ಯದರ್ಶಿಗಳು ಈಗತಾನೆ ಓದಿದರು. ನನಗೆ ಒಪ್ಪಿಸಿದ ವಿಷಯ ಕುಡಿತ ಮತ್ತು ಅದರ ದುಷ್ಪರಿಣಾಮ. ಹಬ್ಬದ ದಿನ ಯಾಕ್ರಿ ಈ ಮಾತು, ಸಂಘಕ್ಕೂ ಕುಡಿತಕ್ಕೂ ಏನ್ರಿ ಸಂಬಂಧ ಎಂದು ಕೆಲವರು ಕೇಳಿದರು. ಸಂಬಂಧ ಇದೆ. ಗೋದಾಮಿನ ರಸ್ತೆ ಕಡೆಯ ಕೋಣೆಯನ್ನು ಮದ್ಯದಂಗಡಿಗೆ ಬಾಡಿಗೆ ಕೊಡಿರಿ ಎಂಬ ಕೇಳಿಕೆ ನಮ್ಮ ಆಡಳಿತ ಮಂಡಳಿ ಮುಂದೆ ಬಂದು ಕುಂತಿದೆ. ಈಗಿನ ಬಾಡಿಗೆಯ ಮೂರು ಪಟ್ಟು ಕೊಡುತ್ತಾರಂತೆ. ಮಂಡಳಿಯಲ್ಲಿ ಎರಡು ಅಭಿಪ್ರಾಯ ಇವೆ. ನನ್ನದು ಬೇಡ ಎಂಬ ಅಭಿಪ್ರಾಯ. ಯಾಕೆ ಬೇಡ ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ರೊಕ್ಕದ ಲೆಕ್ಕ. ಒಬ್ಬ ಮನುಷ್ಯ ದಿನಕ್ಕೆ 150 ರೂಪಾಯಿ ಕುಡಿಯುತ್ತಾನೆ ಎಂದು ಹಿಡಿಯೋಣ. ಕುಡಿಯುವವರು ಇದು ಕಡಿಮೆ ಆಯ್ತು ಎಂದು ನಗಬಹುದು, ಇರಲಿ. ವರ್ಷಕ್ಕೆ 54,750 ರೂಪಾಯಿ. ನಮ್ಮ ಸಂಘದಲ್ಲಿ 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ 50 ಪೈಸೆ. ಆ ರೊಕ್ಕಕ್ಕೆ 205 ಚೀಲ ಯೂರಿಯಾ ಬರುತ್ತದೆ. ಡಿಎಪಿ 1,350ರಂತೆ 40 ಚೀಲ. ಎರಡು ಎಕರೆ ಭತ್ತದವನು ಇಷ್ಟು ಗೊಬ್ಬರವನ್ನು ಎಷ್ಟು ವರ್ಷ ಹಾಕಬಹುದು ಎಂದು ನೀವೇ ಬೆರಳು ಮಡಚಿ ಎಣಿಸಿರಿ.

ಇನ್ನು ಸಾಲ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಬಡ್ಡಿ ಇಲ್ಲ ಎಂಬುದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಗಡುವು ದಾಟಿತೋ ರಿಯಾಯಿತಿ ಹೋಯ್ತು, ಬಡ್ಡಿ ಬಿತ್ತು, ಹೆಸರು ಸುಸ್ತಿದಾರರ ಪಟ್ಟಿಗೆ ಹೋಯ್ತು. ಸುಸ್ತಿ ಬೆಳೆದರೆ ಜಿಲ್ಲಾ ಬ್ಯಾಂಕು ನಮ್ಮ ಸಂಘಕ್ಕೆ ಕೊಡುವಾಗ ಕೈ ಬಿಗಿ ಹಿಡಿಯುತ್ತದೆ. ಆಗ ಜೀವಮಾನದಲ್ಲಿ ಒಂದು ಹನಿ ಮುಟ್ಟದ ರೈತನಿಗೂ ಹೊಸ ಸಾಲ ತಡ. 1905ರಲ್ಲಿ ಗದಗ ಕಡೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದು ರೈತ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಲಿ ಎಂದು. ಸುಸ್ತಿದಾರ ಮತ್ತೆ ಹೋಗಿ ನಿಲ್ಲುವುದು ಅದೇ ಬಾಗಿಲಿಗೆ.

ಮಳೆ ಕೈಕೊಟ್ಟು, ಕಾಲುವೆ ನೀರು ತಡವಾಗಿ, ದರ ಬಿದ್ದು ಸುಸ್ತಿ ಆದವರು ನಮ್ಮಲ್ಲಿ ಬಹಳ. ಎಲ್ಲ ಸುಸ್ತಿಯೂ ಕುಡಿತದ್ದು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ರೈತನಿಗೆ ಅನ್ಯಾಯ.

ನಮ್ಮ ಗಡ್ಡೆಯ ಕಥೆ ಬೇರೆ ಊರಿನವರಿಗೆ ಇಲ್ಲ. ಸುತ್ತ ತುಂಗಭದ್ರೆ, ನಡುವೆ ಭತ್ತದ ಗದ್ದೆ. ಹೊಳೆ ಆಚೆ ಹಂಪಿ ವಿರೂಪಾಕ್ಷನ ಸನ್ನಿಧಿ, ಅಲ್ಲಿ ಮದ್ಯ ನಡೆಯುವುದಿಲ್ಲ. ಹಾಗಾಗಿ ಪ್ರವಾಸಿಗರು ದೋಣಿ ಹತ್ತಿ ಈಚೆ ಬಂದರು, ಗದ್ದೆ ಬದುವಿನ ಮೇಲೆ ರೆಸಾರ್ಟು ಎದ್ದವು. ನಮ್ಮ ಹುಡುಗರಿಗೆ ಕೆಲಸ ಸಿಕ್ಕಿತು, ಅದನ್ನು ಇಲ್ಲ ಎನ್ನಲಾಗದು. ಕೆಲವರಿಗೆ ಬಾಟಲಿ ರುಚಿಯೂ ಹತ್ತಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚ್ ಮೊದಲ ವಾರ ಜೆಸಿಬಿ ಬಂದವು, ಕಟ್ಟಡ ಹೋದವು. ಪಗಾರ ಹೋಯ್ತು, ಚಟ ಮಾತ್ರ ಮನೆಯಲ್ಲಿ ಉಳಿಯಿತು.

ಅದರ ಬೆನ್ನಿಗೇ ಲಾಕ್‌ಡೌನು. ಮಾರ್ಚ್ 25ರಿಂದ ಮೇ 3ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ಬಾಗಿಲು ಹಾಕಿದ್ದವು. ನಲವತ್ತು ದಿನ. ಯಾವ ಸರ್ಕಾರವೂ ಬೇಕೆಂದು ಮಾಡದ ಪರೀಕ್ಷೆ ತಾನಾಗಿಯೇ ಆಯ್ತು. ದಿನಾ ಸಂಜೆ ಮನೆ ಜಗಳ ಕೇಳುತ್ತಿದ್ದ ಓಣಿಯಲ್ಲಿ ಆ ನಲವತ್ತು ದಿನ ಜಗಳದ ಸದ್ದು ಕಡಿಮೆ ಇತ್ತು ಎಂದು ಹೆಣ್ಮಕ್ಕಳು ಈಗಲೂ ನೆನೆಯುತ್ತಾರೆ. ಕೂಲಿ ಇಲ್ಲ, ಕೈಯಾಗ ರೊಕ್ಕ ಇಲ್ಲ, ಆದರೂ ಗಂಡ ಮಕ್ಕಳ ಜೊತೆ ಕುಂತು ಉಂಡ. ಮೇ 4ರಂದು ಅಂಗಡಿ ತೆರೆದವು. ಮೊದಲ ದಿನವೇ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ವ್ಯಾಪಾರ ಎಂದು ಪೇಪರಿನಲ್ಲಿ ಬಂತು.

"ನೀವು ಕೋಣೆ ಕೊಡದಿದ್ದರೆ ಗಂಗಾವತಿಗೆ ಹೋಗಿ ಕುಡೀತಾರ್ರಿ" ಎನ್ನುವವರಿಗೆ ನನ್ನ ಉತ್ತರ ಇದೇ ನಲವತ್ತು ದಿನ. ಹೌದು, ಚಟ ಬಲಿತವನು ಹೋಗೇ ಹೋಗುತ್ತಾನೆ. ಆದರೆ ವಾರಕ್ಕೊಮ್ಮೆ ಸಂತೆಗೆ ಹೋದಾಗ ಕುಡಿಯುವವನನ್ನು ದಿನಾ ಕುಡಿಯುವವನನ್ನಾಗಿ ಮಾಡುವುದು ಮನೆ ಹತ್ತಿರದ ಅಂಗಡಿ. ಗೊಬ್ಬರಕ್ಕೆಂದು ಸಾಲ ಎತ್ತಿಕೊಂಡು ಸಂಘದ ಮೆಟ್ಟಿಲು ಇಳಿಯುವವನಿಗೆ ಮೊದಲು ಎದುರಾಗುವುದು ಆ ಬೋರ್ಡು.

ಸರ್ಕಾರವೇ ಮಾರುವಾಗ ನಮ್ಮದೇನು ಎಂಬ ಮಾತೂ ಇದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟರು. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ, ಖಜಾನೆ ಇನ್ನೊಂದು ಹೇಳುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಸಾರಾಯಿ ಪಾಕೀಟು ಹೋಗಿ ವಿಸ್ಕಿ ಪಾಕೀಟು ಬಂತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ನಮ್ಮ ಕಡೆಯ ಜಿಲ್ಲೆಗಳ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದು ಹೋದರು. ಜನವರಿ 30ಕ್ಕೆ ಮುಟ್ಟಿದರು. ಅವರು ಕೇಳಿದ್ದು ಇನ್ನೂ ಸಿಕ್ಕಿಲ್ಲ. ರಾಜ್ಯದ ಲೆಕ್ಕ ನಮ್ಮ ಕೈಯಲ್ಲಿಲ್ಲ, ನಮ್ಮ ಗೋದಾಮಿನ ಕೋಣೆ ನಮ್ಮ ಕೈಯಲ್ಲಿದೆ.

ದೇಹದ ವಿಷಯ ಡಾಕ್ಟರು ಹೇಳಬೇಕಾದ್ದು, ನಾನು ಎಸೆಸೆಲ್ಸಿ ಓದಿದವನು. ತಿಳಿದಷ್ಟು ಹೇಳುತ್ತೇನೆ. 90 ಎಂ.ಎಲ್. ಪಾಕೀಟಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರ ಇರುತ್ತದೆ. ಲಿವರು ತಾಸಿಗೆ ಹತ್ತು ಗ್ರಾಮಿನೊಳಗೇ ಕರಗಿಸುತ್ತದೆ. ಅಂದರೆ ಒಂದು ಪಾಕೀಟಿಗೆ ಮೂರು ನಾಲ್ಕು ತಾಸಿನ ದುಡಿಮೆ. ದಿನಾ ನಾಲ್ಕು ಪಾಕೀಟು ಸುರಿದರೆ ಆ ಎತ್ತಿಗೆ ನೊಗ ಇಳಿಸುವ ಹೊತ್ತೇ ಇಲ್ಲ. ಮೊದಲು ಕೊಬ್ಬು ಕಟ್ಟುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮದ್ಯ ಕ್ಯಾನ್ಸರ್ ತರುತ್ತದೆ ಎಂದು 1988ರಲ್ಲೇ ಅಂತರರಾಷ್ಟ್ರೀಯ ಸಂಸ್ಥೆ ಪಟ್ಟಿ ಮಾಡಿದೆ. ಸ್ವಲ್ಪ ಕುಡಿದರೆ ಒಳ್ಳೇದು ಎಂಬ ಮಾತಿಗೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತೆರೆ ಎಳೆಯಿತು.

ಒಂದು ಮಾತು ಮನೆಯವರು ಗಟ್ಟಿಯಾಗಿ ನೆನಪಿಡಬೇಕು. ವರ್ಷಗಟ್ಟಲೆ ದಿನಾ ಕುಡಿದವನನ್ನು ದೇವರ ಮುಂದೆ ಆಣೆ ಮಾಡಿಸಿ ಒಮ್ಮೆಲೇ ಬಿಡಿಸಬೇಡಿರಿ. ಕೈ ನಡುಗುತ್ತದೆ, ಬೆವರುತ್ತಾನೆ, ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಇಲ್ಲದ್ದು ಕಂಡು ಚೀರಾಡಬಹುದು. ಅದು ದೆವ್ವ ಅಲ್ಲ. ಜೀವಕ್ಕೆ ಅಪಾಯ ಇರುವುದರಿಂದ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆಸ್ಪತ್ರೆಗೋ ಒಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ರೊಕ್ಕ ಇಲ್ಲ.

ಕುಷ್ಟಗಿ ಆಚೆ ಇಳಕಲ್ಲಿನ ಮಹಾಂತ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಕೇಳಿದ ಭಿಕ್ಷೆ ಕಾಳಲ್ಲ, ಚಟ. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಅವರು ಕುಡಿಯುವವನನ್ನು ಬೈಯದೆ ಅವನ ಮುಂದೆ ಜೋಳಿಗೆ ಚಾಚಿದರು. ನಮ್ಮ ಸಂಘದ ಕೌಂಟರಿನಲ್ಲೂ ಸುಸ್ತಿದಾರನನ್ನು ಎಲ್ಲರೆದುರು ಹೀಯಾಳಿಸುವ ಬದಲು ಮನೆಯವರನ್ನು ಕರೆದು ಕುಂಡ್ರಿಸಿ ಮಾತಾಡಿದರೆ ಒಳ್ಳೆಯದು.

ಈಗ ಹೆಣ್ಮಕ್ಕಳ ಮಾತು. ಭತ್ತ ಹಚ್ಚುವವರು ಅವರು, ಕಳೆ ಕೀಳುವವರು ಅವರು. ಗಂಡ ಕುಡಿದ ವರ್ಷ ಸಂಘದ ಕಂತು ಕಟ್ಟುವುದು ಹೆಚ್ಚಾಗಿ ಅವರ ನಾಟಿ ಕೂಲಿಯಿಂದ. ಆದರೆ ಪಹಣಿ ಗಂಡನ ಹೆಸರಿನಲ್ಲಿ, ಷೇರು ಗಂಡನ ಹೆಸರಿನಲ್ಲಿ. ಮಹಾಸಭೆಯಲ್ಲಿ ಕೈ ಎತ್ತುವ ಹಕ್ಕು ಸಾಲ ಕುಡಿದವನಿಗೆ ಇದೆ, ಸಾಲ ತೀರಿಸಿದವಳಿಗೆ ಇಲ್ಲ. ಕೋಣೆಯ ವಿಷಯ ಮುಂದಿನ ಮಹಾಸಭೆಗೆ ಬರುತ್ತದೆ. ಅದಕ್ಕೆ ಮೊದಲು ಮನೆಯ ಹೆಣ್ಮಕ್ಕಳ ಹೆಸರಿನಲ್ಲೂ ಷೇರು ಮಾಡಿಸಿರಿ ಎಂದು ಗಂಡಸರಿಗೆ ಕೈ ಮುಗಿದು ಕೇಳುತ್ತೇನೆ. ಅರ್ಜಿ ನಮೂನೆ ಕಾರ್ಯದರ್ಶಿಗಳ ಟೇಬಲ್ಲಿನ ಮೇಲೆ ಇವೆ, ಹೋಗುವಾಗ ತಗೊಂಡು ಹೋಗಿರಿ. ಭರ್ತಿ ಮಾಡಲು ಬಾರದಿದ್ದರೆ ನಾನು ಊಟದ ಪೆಂಡಾಲಿನ ಬಲಗಡೆ ಕುಂತಿರುತ್ತೇನೆ.